ಪೀರ್ ಪಂಜಾಲ್ ಒಡಲಲ್ಲಿ ಹತ್ತು ನಿಮಿಷ

ಹಿಮಾಚಲ ಪ್ರದೇಶದ ಕುಲು ಕಣಿವೆಗೂ ಲಾಹುಲ್ ಕಣಿವೆಗೂ ನಡುವೆ ಪೀರ್ ಪಂಜಾಲ್ ಪರ್ವತಶ್ರೇಣಿ ಗೋಡೆಯಂತೆ ನಿಂತಿದೆ. ಆ ಗೋಡೆಯನ್ನು ದಾಟಲು ಶತಮಾನಗಳಿಂದ ಬಳಕೆಯಲ್ಲಿದ್ದ ದಾರಿಯೆಂದರೆ 3,978 ಮೀಟರ್ ಎತ್ತರದ ರೋಹ್ತಾಂಗ್ ಘಾಟಿ. ಈ ಹೆಸರಿಗೆ ಶವಗಳ ರಾಶಿ ಎಂಬ ಅರ್ಥವನ್ನು ಹೇಳುವುದು ವಾಡಿಕೆ. ಹಿಮಗಾಳಿಗೆ ಸಿಕ್ಕಿ ಅಲ್ಲಿ ಪ್ರಾಣ ಬಿಟ್ಟ ದಾರಿಹೋಕರನ್ನು ನೆನೆದರೆ ಆ ಅರ್ಥವನ್ನು ಅಲ್ಲಗಳೆಯಲು ಮನಸ್ಸಾಗದು. ನವೆಂಬರ್ ಹೊತ್ತಿಗೆ ಹಿಮ ಬಿದ್ದು ಮುಚ್ಚಿಕೊಂಡ ಘಾಟಿ ಮತ್ತೆ ತೆರೆಯುವುದು ಮೇ ತಿಂಗಳ ಆಸುಪಾಸಿನಲ್ಲಿ. ಅಷ್ಟು ಕಾಲ ಲಾಹುಲಿನ ಜನರು ಹೊರಜಗತ್ತಿನಿಂದ ಬೇರ್ಪಟ್ಟೇ ಬದುಕುತ್ತಿದ್ದರು. ಹಿಟ್ಟು, ಸೌದೆ, ಒಣಗಿಸಿದ ತರಕಾರಿ, ಔಷಧಿ ಎಲ್ಲವನ್ನೂ ದೀಪಾವಳಿಗೆ ಮೊದಲೇ ಕೂಡಿಟ್ಟುಕೊಳ್ಳಬೇಕಿತ್ತು. ಕೂಡಿಡಲಾಗದ ವಸ್ತು ಒಂದೇ: ವೈದ್ಯರ ಶಸ್ತ್ರಚಿಕಿತ್ಸೆಯ ಮೇಜು.

ಈ ಬೆಟ್ಟದ ಅಡಿಯಲ್ಲಿ ಕೊರೆದಿರುವ 9.02 ಕಿಲೋಮೀಟರ್ ಉದ್ದದ ಅಟಲ್ ಸುರಂಗವು 2020ರ ಅಕ್ಟೋಬರ್ 3ರಂದು ಉದ್ಘಾಟನೆಗೊಂಡಿತು. ಉದ್ದದಲ್ಲಿ ಅದು ದೇಶಕ್ಕೆ ಮೊದಲನೆಯದಲ್ಲ. ಜಮ್ಮುವಿನ ಚೆನಾನಿ–ನಾಶ್ರಿ ಸುರಂಗ ಅದಕ್ಕಿಂತ ತುಸು ಉದ್ದ. ನಾರ್ವೆ ದೇಶದ ಲೇರ್ದಾಲ್ ಸುರಂಗದ 24.5 ಕಿಲೋಮೀಟರಿನ ಮುಂದೆ ಎರಡೂ ಚಿಕ್ಕವೇ. ಆದರೆ 10,000 ಅಡಿಗಿಂತ ಎತ್ತರದಲ್ಲಿ, ಹಿಮಾಲಯದಂತಹ ಇನ್ನೂ ಗಟ್ಟಿಗೊಳ್ಳದ ಬೆಟ್ಟದೊಳಗೆ ಇಷ್ಟು ಉದ್ದದ ಹೆದ್ದಾರಿ ಸುರಂಗ ಎಂಬುದು ಅದರ ಹೆಗ್ಗಳಿಕೆ. ಮನಾಲಿ–ಲೇಹ್ ಹಾದಿಯಲ್ಲಿ 46 ಕಿಲೋಮೀಟರ್ ದೂರವನ್ನೂ ನಾಲ್ಕೈದು ಗಂಟೆಗಳ ಪ್ರಯಾಣವನ್ನೂ ಅದು ಉಳಿಸಿದೆ.

ಕೇರಳದ ಶಾಲೆಗಳಿಗೆ ಬೇಸಗೆ ರಜೆ ಬರುವುದು ಏಪ್ರಿಲ್, ಮೇ ತಿಂಗಳಲ್ಲಿ. ನಮ್ಮ ನ್ಯಾಯಾಲಯಗಳಿಗೂ ಆಗಲೇ ರಜೆ. ಆದುದರಿಂದ ಕಾಸರಗೋಡಿನಿಂದ ಹೊರಟ ನಮ್ಮ ಕುಟುಂಬ ಮನಾಲಿಯನ್ನು ಮುಟ್ಟಿದ್ದು ಏಪ್ರಿಲ್ ಕೊನೆಯ ವಾರದಲ್ಲಿ. ಊರಿನಲ್ಲಿ ಬಾವಿಗಳು ತಳ ಕಾಣುತ್ತಿದ್ದ ಆ ದಿನಗಳಲ್ಲಿ ರೋಹ್ತಾಂಗ್ ಘಾಟಿ ಇನ್ನೂ ಹಿಮದಡಿಯಲ್ಲಿತ್ತು. ಸುರಂಗ ಇಲ್ಲದಿದ್ದರೆ ನಮಗೆ ಆಚೆಯ ಕಣಿವೆಯ ದರ್ಶನವೇ ಇರುತ್ತಿರಲಿಲ್ಲ. ಮನಾಲಿಯಲ್ಲಿ ಗೊತ್ತು ಮಾಡಿಕೊಂಡ ಬಾಡಿಗೆ ಕಾರಿನ ಚಾಲಕರು ಲಾಹುಲಿನವರೇ ಆಗಿದ್ದುದು ನಮ್ಮ ಅದೃಷ್ಟ. ಐವತ್ತು ದಾಟಿದ, ಮಾತು ಕಡಿಮೆಯ ಮನುಷ್ಯ.

ಮನಾಲಿಯಿಂದ ಸುರಂಗದ ದಕ್ಷಿಣ ದ್ವಾರಕ್ಕೆ ಸುಮಾರು 25 ಕಿಲೋಮೀಟರ್. ಬಿಯಾಸ್ ನದಿಯ ದಡ ಹಿಡಿದು ಹೊರಟ ರಸ್ತೆ ಪಲ್ಚಾನ್, ಸೋಲಂಗ್ ನಾಲಾ, ಧುಂಡಿ ಎಂದು ಮೇಲೇರುತ್ತದೆ. ಕೆಳಗೆ ಹೂಬಿಟ್ಟ ಸೇಬಿನ ತೋಟಗಳು, ಮೇಲೆ ದೇವದಾರು ಮರಗಳ ದಟ್ಟ ಕಾಡು. ಎಲ್ಲೆಡೆ ತೊಟ್ಟಿಕ್ಕುವ ನೀರು, ಹಸುರು, ಮೋಡ. ಮಳೆಗಾಲದ ಸಂಪಾಜೆ ಘಾಟಿಯನ್ನು ಬಲ್ಲವರಿಗೆ ಈ ತೇವ ಹೊಸತೆನಿಸದು. ಏರುತ್ತಾ ಹೋದಂತೆ ರಸ್ತೆಬದಿಯಲ್ಲಿ ಮಣ್ಣು ಮೆತ್ತಿದ ಹಳೆಯ ಹಿಮದ ರಾಶಿಗಳು ಕಾಣಿಸಿಕೊಂಡವು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಮಗಳು ಅದನ್ನು ಮುಟ್ಟಿ ನೋಡಬೇಕೆಂದಳು. ಮುಟ್ಟಿ, ಉಪ್ಪಿನಂತಿದೆ ಎಂದಳು.

ಇಲ್ಲೊಂದು ಕಾನೂನಿನ ಮಾತು. ಘಾಟಿಯ ಹಾದಿಯಲ್ಲಿ ಹೋಗುವ ಪ್ರವಾಸಿಗರಿಗೆ ಪರವಾನಗಿ ಬೇಕು, ದಿನಕ್ಕೆ ಇಂತಿಷ್ಟೇ ವಾಹನಗಳೆಂಬ ಮಿತಿಯೂ ಇದೆ. ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ತಾನಾಗಿಯೇ ಕೈಗೆತ್ತಿಕೊಂಡ ಪ್ರಕರಣವೊಂದರಲ್ಲಿ 2014ರ ಫೆಬ್ರವರಿಯಲ್ಲಿ ತೀರ್ಪು ನೀಡಿದ ಬಳಿಕ ಬಂದ ನಿಯಂತ್ರಣಗಳಿವು. ವಾಹನಗಳ ಹೊಗೆಯ ಮಸಿ ಹಿಮದ ಮೇಲೆ ಕುಳಿತರೆ ಹಿಮ ಬೇಗನೆ ಕರಗುತ್ತದೆ ಎಂಬುದು ಆ ವಿಚಾರಣೆಯಲ್ಲಿ ಮುಖ್ಯವಾಗಿದ್ದ ವಿಷಯ. ಸುರಂಗಕ್ಕೆ ಅಂತಹ ಪರವಾನಗಿಯಿಲ್ಲ. ಘಾಟಿಯ ಮೇಲಿನ ಹೊರೆ ಇಳಿಯಿತೆಂಬುದು ನಿಜ. ಆದರೆ ಇಳಿದ ಹೊರೆ ಎಲ್ಲಿಗೆ ಹೋಯಿತೆಂಬ ಪ್ರಶ್ನೆಗೆ ಉತ್ತರ ಆಚೆ ಬದಿಯಲ್ಲಿ ಸಿಗುತ್ತದೆ.

ದಕ್ಷಿಣ ದ್ವಾರ ಇರುವುದು ಸುಮಾರು 3,060 ಮೀಟರ್ ಎತ್ತರದಲ್ಲಿ. ಕುದುರೆ ಲಾಳದ ಆಕಾರದ ಬಾಯಿ. ಒಂದೇ ಕೊಳವೆ, ಅದರಲ್ಲಿ ಎರಡು ದಿಕ್ಕಿನ ಸಂಚಾರ. ವಾಹನ ಓಡುವ ರಸ್ತೆಯ ಅಗಲ 8 ಮೀಟರ್. ಒಳಹೊಕ್ಕ ಕೂಡಲೇ ಮೊದಲು ಬದಲಾಗುವುದು ಸದ್ದು. ಹೊರಗಿನ ನದಿ, ಗಾಳಿ, ಹಾರ್ನುಗಳ ಗದ್ದಲ ಕಡಿದುಹೋಗಿ, ಟಯರುಗಳ ಒಂದೇ ಸಮನೆಯ ಮೊರೆತ ಮಾತ್ರ ಉಳಿಯುತ್ತದೆ. ಮೊಬೈಲ್ ಪರದೆಯಿಂದ ಕಣ್ಣೆತ್ತದ ಮಂದಿಯೂ ಇಲ್ಲಿ ಒಮ್ಮೆ ತಲೆಯೆತ್ತುತ್ತಾರೆ. ಬೆಳಕು ಸಾಲುಸಾಲಾಗಿ ಎದುರಿನಿಂದ ಬಂದು ತಲೆಯ ಮೇಲಿಂದ ಜಾರಿ ಹೋಗುತ್ತದೆ. ಎರಡು ಮೂರು ನಿಮಿಷ ಕಳೆದ ಬಳಿಕ ಹಿಂದಿನ ಬಾಯಿ ಕಾಣುವುದಿಲ್ಲ, ಮುಂದಿನದು ಇನ್ನೂ ಕಂಡಿರುವುದಿಲ್ಲ. ಆಗ ಮನಸ್ಸು ತಾನಾಗಿಯೇ ಮೇಲಿರುವ ಬೆಟ್ಟದ ಭಾರವನ್ನು ಅಳೆಯತೊಡಗುತ್ತದೆ. ನನ್ನ ಪತ್ನಿ ಅಷ್ಟು ಹೊತ್ತೂ ಒಂದು ಮಾತನ್ನೂ ಆಡಲಿಲ್ಲ.

ಮಗಳಿಗೆ ಮಾತ್ರ ಬೇರೆಯೇ ಕೆಲಸವಿತ್ತು. ಸುರಂಗದೊಳಗೆ ಪ್ರತಿ 150 ಮೀಟರಿಗೆ ಒಂದು ತುರ್ತು ದೂರವಾಣಿ, ಪ್ರತಿ 60 ಮೀಟರಿಗೆ ಬೆಂಕಿ ನಂದಿಸುವ ನೀರಿನ ನಲ್ಲಿ, ಪ್ರತಿ 250 ಮೀಟರಿಗೆ ಕ್ಯಾಮೆರಾ, ಕಿಲೋಮೀಟರಿಗೊಂದರಂತೆ ಗಾಳಿಯ ಗುಣಮಟ್ಟ ಅಳೆಯುವ ಉಪಕರಣ ಇವೆ ಎಂದು ನಾನು ಮೊದಲೇ ಓದಿ ಹೇಳಿದ್ದೆ. 9,020ನ್ನು 150ರಿಂದ ಭಾಗಿಸಿ ಅರುವತ್ತು ದೂರವಾಣಿ ಇರಲೇಬೇಕೆಂದು ತೀರ್ಮಾನಿಸಿ ಎಣಿಸುತ್ತಾ ಕುಳಿತವಳಿಗೆ ಐವತ್ತೆರಡರ ಬಳಿಕ ಎದುರಿನಿಂದ ಬಂದ ಸೇನೆಯ ಲಾರಿಗಳ ಸಾಲಿನಿಂದಾಗಿ ಲೆಕ್ಕ ತಪ್ಪಿತು. "ಅಪ್ಪಾ, ಬೆಂಕಿ ಬಿದ್ದರೆ ಎಲ್ಲಿಂದ ಓಡುವುದು?" ಎಂಬ ಪ್ರಶ್ನೆ ಬಂತು. ಉತ್ತರ ನಮ್ಮ ಚಕ್ರಗಳ ಕೆಳಗೇ ಇತ್ತು. ರಸ್ತೆಯ ಅಡಿಯಲ್ಲಿ 3.6 ಮೀಟರ್ ಅಗಲ, 2.25 ಮೀಟರ್ ಎತ್ತರದ ಇನ್ನೊಂದು ಸುರಂಗವನ್ನು ಬೆಂಕಿ ತಾಗದಂತೆ ಕಟ್ಟಿದ್ದಾರೆ. ಅಪಾಯ ಬಂದರೆ ಮೇಲಿನವರು ಅದಕ್ಕಿಳಿದು ಹೊರಬರಬೇಕು. ಅಲ್ಲಿಗೆ ದಾರಿ ತೋರುವ ಬೆಳಗುವ ಫಲಕಗಳು ಪ್ರತಿ 25 ಮೀಟರಿಗೂ ಇವೆ. ಒಳಗೆ ವಾಹನ ನಿಲ್ಲಿಸುವಂತಿಲ್ಲ, ಹಿಂದಿಕ್ಕುವಂತಿಲ್ಲ. ಹೀಗಿದ್ದೂ ಉದ್ಘಾಟನೆಯಾದ ಮೊದಲ ದಿನಗಳಲ್ಲೇ ಅತಿವೇಗದಿಂದಲೂ ಚಿತ್ರ ತೆಗೆಯುವ ಹುಚ್ಚಿನಿಂದಲೂ ಅಪಘಾತಗಳಾದವು. ಎಂಜಿನಿಯರುಗಳು ಬೆಂಕಿಗೆ, ನೀರಿಗೆ, ಹೊಗೆಗೆ ಉಪಾಯ ಹೂಡಬಲ್ಲರು. ಸೆಲ್ಫಿಗೆ ಏನು ಮಾಡಿಯಾರು?

ಈ ಹತ್ತು ನಿಮಿಷಗಳ ಹಾದಿಯನ್ನು ಕೊರೆಯಲು ಹತ್ತು ವರ್ಷಗಳು ಬೇಕಾದವು. ಸುರಂಗದ ನಿರ್ಧಾರವನ್ನು ಅಟಲ್ ಬಿಹಾರಿ ವಾಜಪೇಯಿ ಸರಕಾರ 2000ದ ಜೂನ್ 3ರಂದು ತೆಗೆದುಕೊಂಡಿತು. ಅದಕ್ಕಾಗಿ ವಾಜಪೇಯಿಯವರ ಬೆನ್ನುಬಿದ್ದವರಲ್ಲಿ ಅವರ ಹಳೆಯ ಗೆಳೆಯ, ಲಾಹುಲಿನ ಟಶಿ ದಾವಾ ಮುಖ್ಯರು ಎಂಬುದನ್ನು ಆ ಕಣಿವೆಯ ಜನ ಇಂದಿಗೂ ನೆನೆಯುತ್ತಾರೆ. 2010ರ ಜೂನ್ 28ರಂದು ಸೋನಿಯಾ ಗಾಂಧಿಯವರು ಶಿಲಾನ್ಯಾಸ ನಡೆಸಿದರು. ಗಡಿ ರಸ್ತೆಗಳ ಸಂಘಟನೆಯ ಹೊಣೆಯಲ್ಲಿ ಎರಡೂ ಬದಿಗಳಿಂದ ಕೊರೆಯುವ ಕೆಲಸ ಶುರುವಾಯಿತು. ಆದರೆ ಉತ್ತರದ ಬಾಯಿಗೆ ಯಂತ್ರ, ಜನ, ಸಿಮೆಂಟು ತಲುಪಬೇಕಾದರೆ ರೋಹ್ತಾಂಗ್ ಘಾಟಿಯನ್ನೇ ದಾಟಬೇಕು. ಘಾಟಿಯೋ ವರ್ಷದ ಅರ್ಧ ಕಾಲ ಮುಚ್ಚಿರುತ್ತದೆ. ಹೀಗಾಗಿ ಅಲ್ಲಿ ಬೇಸಗೆಯಲ್ಲಷ್ಟೇ ಕೆಲಸ, ದಕ್ಷಿಣದಲ್ಲಿ ವರ್ಷವಿಡೀ.

ದಕ್ಷಿಣದವರಿಗೆ ಕಾದಿದ್ದುದು ಬೇರೊಂದು ಸಂಕಟ. ಬೆಟ್ಟದ ಮೇಲೆ ಸೇರಿ ನಾಲಾ ಎಂಬ ತೊರೆ ಹರಿಯುತ್ತದೆ. ಅದರ ನೇರ ಕೆಳಗೆ ಸುರಂಗ ಸಾಗಬೇಕಾದ 587 ಮೀಟರ್ ಭಾಗದಲ್ಲಿ ಗಟ್ಟಿ ಬಂಡೆಯೇ ಇರಲಿಲ್ಲ. ಪುಡಿಯಾದ ಕಲ್ಲು, ಕೆಸರು, ಅದರ ನಡುವಿನಿಂದ ರಭಸವಾಗಿ ನುಗ್ಗುವ ನೀರು. ಸಿಡಿಮದ್ದಿಟ್ಟು ಒಡೆದು, ಕಲ್ಲು ಸಾಗಿಸಿ, ಉಕ್ಕಿನ ಕಮಾನು ನಿಲ್ಲಿಸಿ, ಕಾಂಕ್ರೀಟು ಚಿಮ್ಮಿಸಿ ಗೋಡೆ ಗಟ್ಟಿ ಮಾಡುವುದು ಕೆಲಸದ ಕ್ರಮ. ಇಲ್ಲಿ ಒಡೆದ ಜಾಗ ಗಟ್ಟಿಯಾಗುವ ಮೊದಲೇ ಕುಸಿಯುತ್ತಿತ್ತು. ಅರ್ಧ ಕಿಲೋಮೀಟರನ್ನು ದಾಟಲು ವರ್ಷಗಳೇ ಹಿಡಿದವು. ಮೊದಲು ಹಾಕಿಕೊಂಡಿದ್ದ ಗಡುವು ಮುಗಿದು ಎಷ್ಟೋ ಕಾಲದ ಮೇಲೆ, 2017ರ ಅಕ್ಟೋಬರ್ 15ರಂದು, ಎರಡೂ ಬದಿಯ ಕೊರೆತಗಳು ಬೆಟ್ಟದೊಳಗೆ ಸಂಧಿಸಿದವು.

ಸುರಂಗ ಎಂಬ ಶಬ್ದ ಕಾಸರಗೋಡಿನ ಕೃಷಿಕರ ಮಕ್ಕಳಿಗೆ ಪಠ್ಯಪುಸ್ತಕದಿಂದ ಬಂದುದಲ್ಲ. ಬಾಯಾರು, ಎಣ್ಮಕಜೆ, ಪಡ್ರೆಗಳ ಗುಡ್ಡಗಳಲ್ಲಿ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಗುಡ್ಡದ ಹೊಟ್ಟೆಯಲ್ಲಿರುವ ಒರತೆಯನ್ನು ಅಡಿಕೆ ತೋಟಕ್ಕೆ ಇಳಿಸುವ ಸುರಂಗಗಳ ನೀರು ಕುಡಿದೇ ನಾವು ಬೆಳೆದವರು. ಒಬ್ಬನೇ ಮನುಷ್ಯ ನಿಂತು ಕೊರೆಯಬಹುದಾದಷ್ಟು ಅಗಲ. ಪಿಕ್ಕಾಸು, ಬುಟ್ಟಿ, ಪ್ರಾಣವಾಯು ಇದೆಯೇ ಎಂದು ನೋಡಲು ಒಂದು ಉರಿಯುವ ದೀಪ. ಗಡಿಯಾಚೆ ಅಡ್ಯನಡ್ಕದ ಬಳಿಯ ಅಮೈ ಮಹಾಲಿಂಗ ನಾಯ್ಕರು ಒಬ್ಬರೇ ಕೊರೆದ ಐದು ಸುರಂಗಗಳು ವಿಫಲವಾಗಿ ಆರನೆಯದರಲ್ಲಿ ನೀರು ಕಂಡವರು; 2022ರಲ್ಲಿ ಅವರಿಗೆ ಪದ್ಮಶ್ರೀ ಬಂದುದನ್ನು ನಮ್ಮ ಶಾಲೆಗಳಲ್ಲಿ ಮಕ್ಕಳಿಗೆ ಓದಿ ಹೇಳಲಾಗಿತ್ತು. ನಮ್ಮಲ್ಲಿ ನೀರು ಬಂದರೆ ಸುರಂಗ ಸಾರ್ಥಕ. ಪೀರ್ ಪಂಜಾಲಿನಲ್ಲಿ ನೀರು ಬಂದದ್ದೇ ವಿಪತ್ತು. ಆದರೂ ಕತ್ತಲಲ್ಲಿ ಕುಳಿತು ಮುಂದಿನ ಒಂದು ಮೊಳ ಹೇಗಿದ್ದೀತೆಂದು ಊಹಿಸುವವನ ಎದೆಗುಂದದ ತಾಳ್ಮೆ ಎರಡೂ ಕಡೆ ಒಂದೇ ಇರಬೇಕು. ದೀಪದ ಜಾಗದಲ್ಲಿ ಈಗ ಗಾಳಿ ಅಳೆಯುವ ಉಪಕರಣ ಇದೆ ಎಂದಷ್ಟೇ.

ಉತ್ತರ ದ್ವಾರದಿಂದ ಹೊರಬಂದ ಕ್ಷಣವನ್ನು ವರ್ಣಿಸುವುದು ಕಷ್ಟ. ಒಳಹೊಕ್ಕದ್ದು ಒಂದು ದೇಶದಿಂದ, ಹೊರಬಂದದ್ದು ಇನ್ನೊಂದು ದೇಶಕ್ಕೆ ಎನಿಸಿತು. ದೇವದಾರುವಿನ ಕಾಡಿಲ್ಲ, ಮೋಡವಿಲ್ಲ, ತೇವವಿಲ್ಲ. ಕಣ್ಣು ಕೋರೈಸುವ ನೀಲಿ ಆಕಾಶ, ಬೋಳು ಬೆಟ್ಟಗಳು, ಅವುಗಳ ನೆತ್ತಿಯ ಮೇಲೆ ಹಿಮ. ತೆಂಕಣದಿಂದ ಬರುವ ಮಳೆಮೋಡಗಳನ್ನು ಪೀರ್ ಪಂಜಾಲ್ ತಡೆದು ತನ್ನ ದಕ್ಷಿಣದ ಮಗ್ಗುಲಲ್ಲೇ ಸುರಿಸಿಕೊಳ್ಳುತ್ತದೆ. ಲಾಹುಲ್ ಮಳೆಯ ನೆರಳಿನಲ್ಲಿದೆ. ಭೂಗೋಳದ ಪುಸ್ತಕದಲ್ಲಿ ಪಶ್ಚಿಮಘಟ್ಟದ ಬಗ್ಗೆ ಓದುವ ಇದೇ ಪಾಠವನ್ನು ಹತ್ತು ನಿಮಿಷಗಳಲ್ಲಿ ಕಣ್ಣಾರೆ ಕಂಡ ಮಗಳು, ಘಟ್ಟ ಹತ್ತಿ ಬಯಲುಸೀಮೆಗೆ ಹೋಗಲು ನಮಗೆ ಒಂದು ದಿನ ಬೇಕಲ್ಲ ಎಂದಳು. ನದಿಯೂ ಬೇರೆ. ಬಿಯಾಸ್ ಆಚೆಗೇ ಉಳಿಯಿತು. ಇಲ್ಲಿ ಹರಿಯುವುದು ಚಂದ್ರಾ. ಮುಂದೆ ತಾಂಡಿ ಎಂಬಲ್ಲಿ ಭಾಗಾ ನದಿಯನ್ನು ಕೂಡಿ ಅದು ಚಂದ್ರಭಾಗಾ, ಅಂದರೆ ಚಿನಾಬ್ ಆಗುತ್ತದೆ. ಸೇತುವೆ ದಾಟಿ ಎಡಕ್ಕೆ ತಿರುಗಿದರೆ ಕೆಲವು ಕಿಲೋಮೀಟರಿನಲ್ಲಿ ಸಿಸ್ಸು ಎಂಬ ಹಳ್ಳಿ.

ಸಿಸ್ಸುವಿನಲ್ಲಿ ಚಹಾ ಕುಡಿಯುತ್ತಾ ಕುಳಿತಾಗ ಚಾಲಕರು ಮಾತನಾಡಿದರು. ಸುರಂಗ ಬರುವ ಹಲವು ವರ್ಷಗಳ ಹಿಂದೆ, ಜನವರಿ ತಿಂಗಳಲ್ಲಿ ಅವರ ತಂದೆಗೆ ಹೊಟ್ಟೆನೋವು ಕಾಣಿಸಿಕೊಂಡಿತಂತೆ. ಕೀಲಾಂಗಿನ ಆಸ್ಪತ್ರೆಯ ವೈದ್ಯರು, ಶಸ್ತ್ರಚಿಕಿತ್ಸೆ ಬೇಕು, ಕುಲುವಿಗೆ ಒಯ್ಯಿರಿ ಎಂದರು. ಒಯ್ಯಲು ಸರಕಾರದ ಹೆಲಿಕಾಪ್ಟರ್ ಒಂದೇ ಗತಿ. ಹವೆ ಕೆಟ್ಟರೆ ಅದು ಬರುವಂತಿಲ್ಲ. ಬಂದ ದಿನವೂ ಹತ್ತಲು ಕಾದವರ ಪಟ್ಟಿ ಉದ್ದ. "ಒಂಬತ್ತು ದಿನ ಆಕಾಶ ನೋಡಿದೆವು, ವಕೀಲ್ ಸಾಹೇಬ್" ಎಂದಷ್ಟೇ ಹೇಳಿ ಅವರು ಲೋಟ ಕೆಳಗಿಟ್ಟರು. ಹತ್ತನೆಯ ದಿನ ಹೆಲಿಕಾಪ್ಟರ್ ಬಂದಿತು, ತಂದೆ ಉಳಿದರು. ಅದೇ ಪಟ್ಟಿಯಲ್ಲಿದ್ದ ಇನ್ನೊಬ್ಬರು ಉಳಿಯಲಿಲ್ಲ.

ಲಾಹುಲಿನ ಅನುಕೂಲಸ್ಥರು ಕುಲು ಕಣಿವೆಯಲ್ಲಿ ಇನ್ನೊಂದು ಮನೆ ಮಾಡಿಕೊಂಡು ಚಳಿಗಾಲಕ್ಕೆ ಅಲ್ಲಿಗೆ ಇಳಿಯುತ್ತಿದ್ದರು. ಉಳಿದವರು ಉಳಿಯುತ್ತಿದ್ದರು. ಸುರಂಗದ ಉದ್ಘಾಟನೆಗೆ ಸುಮಾರು ಒಂದು ವರ್ಷ ಮೊದಲೇ, 2019ರ ನವೆಂಬರಿನಲ್ಲಿ, ಸ್ಥಳೀಯರಿಗಾಗಿ ಸರಕಾರಿ ಬಸ್ಸೊಂದನ್ನು ಅದರೊಳಗೆ ಓಡಿಸಲು ಆರಂಭಿಸಿದರು. ಕಾಮಗಾರಿ ಮುಗಿಯುವವರೆಗೆ ಕಾಯಲು ಆ ಚಳಿಗಾಲ ಬಿಡಲಿಲ್ಲ. ಈಗ ಕಣಿವೆಯ ಬಟಾಣಿ, ಹೂಕೋಸು, ಆಲೂಗಡ್ಡೆ ಹೇರಿದ ಲಾರಿಗಳು ಘಾಟಿಯ ಕೆಸರಿನಲ್ಲಿ ಹೂತು ನಿಲ್ಲದೆ ಅದೇ ದಿನ ಮನಾಲಿ ಸೇರುತ್ತವೆ. ಲೇಹ್ ಕಡೆಗಿನ ಹಾದಿಯಲ್ಲಿ ಇದಕ್ಕಿಂತ ಎತ್ತರದ ಘಾಟಿಗಳು ಇನ್ನೂ ಇವೆ, ಅವು ಚಳಿಗಾಲದಲ್ಲಿ ಮುಚ್ಚುತ್ತವೆ. ಝನ್ಸ್ಕಾರ್ ದಿಕ್ಕಿಗೆ ಶಿಂಕು ಲಾ ಅಡಿಯಲ್ಲಿ 4.1 ಕಿಲೋಮೀಟರಿನ ಮತ್ತೊಂದು ಸುರಂಗದ ಕೆಲಸ 2024ರ ಜುಲೈಯಲ್ಲಿ ಆರಂಭವಾಗಿದೆ.

ಬಾಗಿಲು ಮಾತ್ರ ಎರಡೂ ಬದಿಗೆ ತೆರೆಯುವಂಥದು. ಸಿಸ್ಸುವಿನ ಕೆರೆಯ ದಂಡೆಯಲ್ಲಿ ಕಾರುಗಳು ಸಾಲುಗಟ್ಟಿದ್ದವು. ಕಲ್ಲುಗಳ ಸಂದಿಯಲ್ಲಿ ಕುರುಕಲು ತಿಂಡಿಯ ಪೊಟ್ಟಣಗಳು, ನೀರಿನ ಬಾಟಲಿಗಳು. ಘಾಟಿಯ ಮೇಲಿಂದ ಇಳಿದ ಹೊರೆ ಬಂದು ಕುಳಿತದ್ದು ಇಲ್ಲಿ. ಕಣಿವೆಯವರು ಸುಮ್ಮನೆ ನೋಡುತ್ತಾ ಕುಳಿತಿಲ್ಲ ಎಂಬುದು ಸಮಾಧಾನದ ಸಂಗತಿ. ಜನವರಿ, ಫೆಬ್ರವರಿಯ ಹಾಲ್ಡಾ ಮೊದಲಾದ ಹಬ್ಬಗಳ ವಾರಗಳಲ್ಲಿ ಇಲ್ಲಿನ ಹಳ್ಳಿಗಳವರು ಸೇರಿ ಪ್ರವಾಸಿ ಚಟುವಟಿಕೆಗಳನ್ನು ನಿಲ್ಲಿಸಲು ತೀರ್ಮಾನಿಸಿದ್ದುಂಟು. ದೇವರು, ಊರು, ಮೌನ, ಇವು ತಮ್ಮ ಪಾಲಿನವು ಎಂದು ಅವರು ಹೇಳಬಲ್ಲರು.

ಹಾಗೆ ಹೇಳಲು ಅವರಿಗೆ ಕಾನೂನಿನ ಆಸರೆಯೂ ಇದೆ. ಲಾಹುಲ್ ಸ್ಪಿತಿ ಸಂವಿಧಾನದ ಐದನೆಯ ಅನುಸೂಚಿಗೆ ಸೇರಿದ ಪ್ರದೇಶ. 1968ರ ರಾಜ್ಯ ಕಾಯಿದೆಯೊಂದರ ಪ್ರಕಾರ ಅಲ್ಲಿನ ಬುಡಕಟ್ಟಿನವರ ಭೂಮಿಯು ಅನುಮತಿಯಿಲ್ಲದೆ ಹೊರಗಿನವರಿಗೆ ಹೋಗುವಂತಿಲ್ಲ. ಕೃಷಿಕರಲ್ಲದವರಿಗೆ ಭೂಮಿ ವರ್ಗಾಯಿಸುವುದನ್ನು ತಡೆಯುವ 1972ರ ಕಾಯಿದೆಯ 118ನೆಯ ಕಲಮು ಇಡೀ ಹಿಮಾಚಲಕ್ಕೆ ಅನ್ವಯ. ಆದುದರಿಂದಲೇ ಸಿಸ್ಸುವಿನ ಚಹಾದಂಗಡಿ, ಮನೆವಾಸದ ಕೋಣೆಗಳು ಬಹುಮಟ್ಟಿಗೆ ಊರವರ ಕೈಯಲ್ಲಿವೆ. ರಸ್ತೆ ಬರುವ ಮೊದಲೇ ಕಾನೂನು ಬಂದಿತ್ತು. ಈ ಕ್ರಮ ತಿರುಗುಮುರುಗಾದ ಊರುಗಳ ಪಹಣಿಗಳನ್ನು ನನ್ನ ವೃತ್ತಿಯಲ್ಲಿ ಬೇಕಾದಷ್ಟು ಕಂಡಿದ್ದೇನೆ.

ಭಾಷೆಗೆ ಅಂತಹ ಬೇಲಿ ಇಲ್ಲ. ಚಂದ್ರಾ ಕಣಿವೆಯ ನುಡಿ ಒಂದು, ಭಾಗಾ ಕಣಿವೆಯದು ಇನ್ನೊಂದು, ಪಟ್ಟನ್ ಭಾಗದ್ದು ಮತ್ತೊಂದು. ಕೆಲವೇ ಸಾವಿರ ಜನರ ಬಾಯಲ್ಲಿ ಉಳಿದಿರುವ ಈ ನುಡಿಗಳನ್ನು ಯುನೆಸ್ಕೊ ಅಪಾಯದಂಚಿನ ಭಾಷೆಗಳ ಸಾಲಿಗೆ ಸೇರಿಸಿದೆ. ಶಾಲೆಯಲ್ಲಿ ಯಾವ ಭಾಷೆ ಎಂದು ಮಗಳು ಚಾಲಕರನ್ನು ಕೇಳಿದಳು. ನನ್ನ ಕಾಲದಲ್ಲಿ ಹಿಂದಿ, ಈಗ ಇಂಗ್ಲಿಷ್ ಎಂದರು. ಮನೆಯಲ್ಲಿ? ಅಮ್ಮನ ಹತ್ತಿರ ನಮ್ಮ ಮಾತು, ಮಕ್ಕಳ ಹತ್ತಿರ ಹಿಂದಿ. ನಿಮ್ಮ ಭಾಷೆಯ ಪುಸ್ತಕ? ಅವರು ನಕ್ಕುಬಿಟ್ಟರು, ಪುಸ್ತಕ ಇಲ್ಲ, ಮಗಳೇ. ಸಂವಿಧಾನದ 350ಎ ವಿಧಿಯು ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣ ಒದಗಿಸಬೇಕೆಂದು ರಾಜ್ಯಗಳಿಗೆ ಹೇಳುತ್ತದೆ. 1956ರ ನವೆಂಬರ್ ಒಂದರಂದು, ಕಾಸರಗೋಡು ಕೇರಳಕ್ಕೆ ಸೇರಿದ ದಿನವೇ, ಏಳನೆಯ ತಿದ್ದುಪಡಿಯ ಮೂಲಕ ಜಾರಿಗೆ ಬಂದ ವಿಧಿಯದು. ಅದರ ಬಲದಿಂದ, ಹೋರಾಡಿ ಹೋರಾಡಿ, ನಮ್ಮ ಮಕ್ಕಳ ಕೈಯಲ್ಲಿ ಕನ್ನಡದ ಪಠ್ಯಪುಸ್ತಕ ಇದೆ. ಮಗಳು ಚೀಲದಿಂದ ತನ್ನ ಪುಸ್ತಕವನ್ನು ತೆಗೆದು ಅವರಿಗೆ ತೋರಿಸಿದಳು. ಅವರು ಅಕ್ಷರಗಳ ಮೇಲೆ ಬೆರಳಾಡಿಸಿ ನೋಡಿ ಜಾಗರೂಕತೆಯಿಂದ ಹಿಂತಿರುಗಿಸಿದರು.

ನಮ್ಮ ಓದುಗರಲ್ಲಿ ವಯನಾಡಿನವರೂ ಇದ್ದಾರೆ. ಅವರಿಗೆ ಸುರಂಗ ದೂರದ ಹಿಮಾಲಯದ ಸುದ್ದಿಯಲ್ಲ. ತಾಮರಶ್ಶೇರಿ ಘಾಟಿಯ ಒಂಬತ್ತು ತಿರುವುಗಳಲ್ಲಿ ಆಂಬ್ಯುಲೆನ್ಸ್‌ಗಳು ಸಿಕ್ಕಿಹಾಕಿಕೊಳ್ಳುವುದನ್ನು ಬಲ್ಲವರು ಆನಕ್ಕಾಂಪೊಯಿಲ್–ಕಳ್ಳಾಡಿ–ಮೇಪ್ಪಾಡಿ ಅವಳಿ ಸುರಂಗವನ್ನು ಎದುರುನೋಡುತ್ತಿದ್ದಾರೆ. ಎಂಟು ಕಿಲೋಮೀಟರಿಗೂ ಮೀರಿದ ಆ ಯೋಜನೆಯ ಕಾಮಗಾರಿಗೆ 2025ರ ಆಗಸ್ಟ್ 31ರಂದು ಚಾಲನೆ ದೊರೆಯಿತು. ಅದು ತೆರೆದುಕೊಳ್ಳಲಿರುವುದು 2024ರ ಜುಲೈ 30ರ ಭೂಕುಸಿತದಲ್ಲಿ ಮುಂಡಕ್ಕೈ, ಚೂರಲ್‌ಮಲೆಗಳನ್ನು ಕಳೆದುಕೊಂಡ ಅದೇ ಮೇಪ್ಪಾಡಿ ಪಂಚಾಯತಿನಲ್ಲಿ. ಪರಿಸರ ಅನುಮತಿಯನ್ನು ಷರತ್ತುಗಳೊಂದಿಗೆ ನೀಡಲಾಗಿದೆ. ಗುಡ್ಡದೊಳಗಿನ ನೀರು ಎತ್ತ ಹರಿಯುತ್ತದೆಂಬುದನ್ನು ಸೇರಿ ನಾಲಾದ 587 ಮೀಟರುಗಳಷ್ಟು ಗಂಭೀರವಾಗಿ ಇಲ್ಲಿಯೂ ಓದಬೇಕು. ಷರತ್ತುಗಳ ಪ್ರತಿಯನ್ನು ಪಡೆದು ಓದುವುದು, ಪಾಲನೆಯ ವರದಿ ಕೇಳುವುದು ಯಾವ ನಾಗರಿಕನಿಗೂ ಸಾಧ್ಯವಿರುವ ಕೆಲಸ. ಸುರಂಗ ಬೇಕು ಎನ್ನುವವರೂ ಅದನ್ನು ಮಾಡಬಹುದು, ಬೇಡ ಎನ್ನುವವರೂ.

ಲಾಹುಲಿಗೆ ಹೋಗಬಯಸುವ ಕುಟುಂಬಗಳಿಗೆ ಎರಡು ಮಾತು. ಸುರಂಗದೊಳಗೆ ಹಿಮವಿಲ್ಲ ನಿಜ, ಆದರೆ ಎರಡೂ ದ್ವಾರಗಳ ಹೊರಗಿನ ರಸ್ತೆಯಲ್ಲಿದೆ. ಹಿಮ ಜೋರಾದ ದಿನ ಪೊಲೀಸರು ಸಂಚಾರ ನಿಲ್ಲಿಸುತ್ತಾರೆ. ಒಂದು ದಿನವನ್ನು ಕೈಯಲ್ಲಿ ಉಳಿಸಿಕೊಂಡು ಹೊರಡುವುದು ಒಳ್ಳೆಯದು. ಕರಾವಳಿಯವರಿಗೆ 3,000 ಮೀಟರ್ ಎತ್ತರದಲ್ಲಿ ತಲೆನೋವು, ಏದುಸಿರು ಸಹಜ. ಮನಾಲಿಯಲ್ಲಿ ಒಂದು ರಾತ್ರಿ ತಂಗಿ ಹೋದರೆ ದೇಹ ಹೊಂದಿಕೊಳ್ಳುತ್ತದೆ. ಮಕ್ಕಳಿದ್ದರೆ ಎಣಿಸಲು ಏನಾದರೊಂದು ಕೆಲಸ ಕೊಡಿ.

ನಾವು ಸಿಸ್ಸುವಿನಿಂದ ಹೊರಡುವಾಗ ನಾಲ್ಕು ಗಂಟೆ. ರಸ್ತೆಬದಿಯ ಮನೆಯಿಂದ ವಯಸ್ಸಾದ ಹೆಂಗಸೊಬ್ಬರು ಕೈ ಅಡ್ಡ ಹಿಡಿದು ಕಾರನ್ನು ನಿಲ್ಲಿಸಿದರು. ಚಾಲಕರ ಕೈಗೆ ನಾಲ್ಕಾಗಿ ಮಡಚಿದ ಔಷಧಿ ಚೀಟಿಯನ್ನೂ ಇನ್ನೂರರ ನೋಟೊಂದನ್ನೂ ಕೊಟ್ಟು ತಮ್ಮ ನುಡಿಯಲ್ಲಿ ಏನೋ ಹೇಳಿದರು. ಕಾರು ಮುಂದೆ ಸಾಗಿದಾಗ ಏನೆಂದು ವಿಚಾರಿಸಿದೆ. ಮೊಣಕಾಲು ನೋವಿನ ಮಾತ್ರೆ ಮುಗಿದಿದೆಯಂತೆ. ಮನಾಲಿಯಲ್ಲಿ ಕೊಂಡು ನಾಳೆ ಬೆಳಗ್ಗೆ ಬರುವಾಗ ತಂದುಕೊಡು, ಚಿಲ್ಲರೆ ಉಳಿದರೆ ಬ್ರೆಡ್ಡು ತಾ ಎಂದರಂತೆ.